ಜನ ಬೇಡವೆಂದ ಯುದ್ಧ, ಹೋಗಿಬಂದ ಸಂಸಾರಸ್ಥರು: ಐಪಿಕೆಎಫ್ ಸೈನಿಕರಿಗೆ ಗೌರವ ಸಲ್ಲಬೇಕೇ?

ಹೊಳೆದಂಡೆ (ಚರ್ಚೆ ಶುರು ಮಾಡಿದವರು)

ಶ್ರೀಲಂಕಾ ಸರ್ಕಾರಕ್ಕೂ ತಮಿಳು ಉಗ್ರರಿಗೂ ನಡೆದಿದ್ದ ಕಾಳಗ ನಿಲ್ಲಿಸಲು 1987ರಲ್ಲಿ ಹೋದ ಭಾರತದ ಶಾಂತಿಪಾಲನಾ ಪಡೆಯ (ಐಪಿಕೆಎಫ್) ಕೊನೆಯ ತುಕಡಿ ಶ್ರೀಲಂಕಾ ಬಿಟ್ಟದ್ದು 1990ರ ಮಾರ್ಚ್ 24ರಂದು. ಮದ್ರಾಸಿಗೆ ಬಂದಿಳಿದವರನ್ನು ಎದುರುಗೊಳ್ಳಲು ಆಗಿನ ಮುಖ್ಯಮಂತ್ರಿ ಕರುಣಾನಿಧಿ ಹೋಗಲಿಲ್ಲ. ತಮಿಳರನ್ನು ಕೊಂದ ಸೈನ್ಯಕ್ಕೆ ಸ್ವಾಗತ ಹೇಳಲಾರೆ ಎಂಬುದು ಅವರ ನಿಲುವು. ಎರಡು ವರ್ಷ ಎಂಟು ತಿಂಗಳಲ್ಲಿ ನಮ್ಮ ಕಡೆ ಸುಮಾರು 1,200 ಮಂದಿ ಸತ್ತಿದ್ದರು.

ನನ್ನ ಪ್ರಶ್ನೆ ಎರಡು. ಜನ ಒಪ್ಪದ ಯುದ್ಧಕ್ಕೆ ಹೋದವನಿಗೆ ಗೌರವ ಸಲ್ಲಬೇಕೇ? ಹೆಂಡತಿ ಮಕ್ಕಳನ್ನು ಬಿಟ್ಟು ಹೋದ ಅನ್ನುವುದರಿಂದ ಆ ಲೆಕ್ಕ ಬದಲಾಗುತ್ತದೆಯೇ? ಜೈಕಾರ, ಧಿಕ್ಕಾರ ಎರಡೂ ಬೇಡ. ಕಾನೂನು, ಕಡತ, ಇತಿಹಾಸ ಬಲ್ಲವರು ಬರೆಯಿರಿ.

---

ಕಟ್ಟುನಿಟ್ಟು

ಬೇಡ ಅನ್ನುವ ಪಕ್ಷ ನನ್ನದು. ಭಾರತದಲ್ಲಿ ಕಡ್ಡಾಯ ಸೇನಾ ಸೇವೆ ಇಲ್ಲ, ಎಲ್ಲರೂ ಸ್ವಂತ ಇಚ್ಛೆಯಿಂದ ಸೇರಿದವರು. ಸಂಬಳದ ಕೆಲಸ ಮಾಡಿದ್ದಕ್ಕೆ ಸಂಬಳ ಸಾಕು.

1987ರ ಅಕ್ಟೋಬರ್ 21ರಂದು, ದೀಪಾವಳಿ ಹೊತ್ತಿನಲ್ಲಿ, ನಮ್ಮ ಸೈನಿಕರು ಲಂಕೆಯ ಉತ್ತರದ ತಮಿಳರ ಊರಾದ ಜಾಫ್ನಾದ ಬೋಧನಾ ಆಸ್ಪತ್ರೆಗೆ ನುಗ್ಗಿದರು. ಮರುದಿನದ ಹೊತ್ತಿಗೆ ರೋಗಿಗಳು, ವೈದ್ಯರು, ದಾದಿಯರು ಸೇರಿ ಅರವತ್ತಕ್ಕೂ ಹೆಚ್ಚು ಮಂದಿ ಹೆಣವಾಗಿದ್ದರು. ಆ ದಾದಿಯರಿಗೂ ಸಂಸಾರ ಇತ್ತು. ಸಂಸಾರವನ್ನು ತಕ್ಕಡಿಗೆ ಹಾಕುವುದಾದರೆ ಎರಡೂ ತಟ್ಟೆಗೆ ಹಾಕಿ.

---

ಕಾನೂನುಕಟ್ಟೆ

"ಸ್ವಂತ ಇಚ್ಛೆ" ಅನ್ನುವುದು ಸೇರುವ ದಿನಕ್ಕೆ ಮಾತ್ರ ನಿಜ ಸರ್. ಆಮೇಲಿನದು 1950ರ ಸೇನಾ ಕಾಯ್ದೆ.

38ನೇ ಕಲಂ ನೋಡಿ. ಸಕ್ರಿಯ ಸೇವೆಯಲ್ಲಿದ್ದಾಗ, ಅಥವಾ ಅದಕ್ಕೆ ಹೊರಡಲು ಆದೇಶ ಬಂದ ಮೇಲೆ ಓಡಿಹೋದರೆ ಮರಣದಂಡನೆಯವರೆಗೂ ಶಿಕ್ಷೆ ಇದೆ. ಬೇರೆ ಸಮಯದಲ್ಲಾದರೆ ಗರಿಷ್ಠ ಏಳು ವರ್ಷ. ಸಕ್ರಿಯ ಸೇವೆಯಲ್ಲಿ ಮೇಲಧಿಕಾರಿಯ ಆದೇಶ ಮೀರಿದರೆ 41ನೇ ಕಲಂ ಪ್ರಕಾರ ಹದಿನಾಲ್ಕು ವರ್ಷದವರೆಗೆ ಜೈಲು. "ಈ ಯುದ್ಧ ನನಗೆ ಒಪ್ಪಿಗೆಯಿಲ್ಲ, ಮುಂದಿನದಕ್ಕೆ ಬರುತ್ತೇನೆ" ಎಂದು ಹೇಳುವ ಅವಕಾಶ ಕಾಯ್ದೆಯಲ್ಲಿ ಎಲ್ಲೂ ಇಲ್ಲ. ಸಂವಿಧಾನದ 33ನೇ ವಿಧಿ ಸಂಸತ್ತಿಗೆ ಅಧಿಕಾರ ಕೊಟ್ಟಿರುವುದರಿಂದ, ಸಂಘ ಕಟ್ಟುವುದು, ಪತ್ರಿಕೆಗೆ ಹೇಳಿಕೆ ಕೊಡುವುದು ಇಂಥವಕ್ಕೂ ಸೈನಿಕನ ಕೈ ಕಟ್ಟಿದೆ.

ಆದರೆ ಅದೇ 41ನೇ ಕಲಂನಲ್ಲಿ ಒಂದು ಪದ ಇದೆ: "ಕಾನೂನುಬದ್ಧ" ಆದೇಶ. ಲಂಕೆಗೆ ಹೋಗು ಅನ್ನುವುದು ಕಾನೂನುಬದ್ಧ ಆದೇಶ. ಹಾಸಿಗೆಯಲ್ಲಿದ್ದ ರೋಗಿಗೆ ಗುಂಡು ಹೊಡಿ ಅನ್ನುವುದಲ್ಲ. ಈ ಎರಡನ್ನೂ ಒಂದೇ ಗಂಟಿಗೆ ಕಟ್ಟಿದರೆ ಚರ್ಚೆ ಮುಂದೆ ಹೋಗುವುದಿಲ್ಲ.

---

ಗಡಿನಾಡು_ಬೆಳಗಾವಿ

ಇದಕ್ಕ ರೊಕ್ಕದ ಲೆಕ್ಕಾನೂ ಸೇರಿಸ್ರೀ. ಜವಾನನಿಗೆ ಪಿಂಚಣಿ ಬರಬೇಕಂದ್ರ 15 ವರ್ಷ ಸೇವಾ ಆಗಿರಬೇಕು, ಅಧಿಕಾರಿಗೆ 20. ಹತ್ತು ವರ್ಷ ಆದಾವ ಬಿಟ್ಟು ಬಂದ್ರ ಗ್ರಾಚ್ಯುಟಿ ಅಷ್ಟ ಸಿಗತೈತಿ, ತಿಂಗಳಾ ಪಿಂಚಣಿ ಇಲ್ಲ. ಮನ್ಯಾಗ ಎರಡು ಮಕ್ಕಳು, ಮಳಿ ನಂಬಿದ ಎರಡು ಎಕರೆ ಹೊಲ ಇದ್ದಾವ ಹದಿಮೂರನೇ ವರ್ಷಕ್ಕ ರಾಜೀನಾಮೆ ಒಗದು ಬರ್ತಾನೇನ್ರೀ? ಸಂಸಾರ ಇದ್ದದ್ದಕ್ಕ ಅವ ಹೋದ. ಸಂಸಾರ ಇದ್ದರೂ ಹೋದ ಅನ್ನೋದು ಆಮ್ಯಾಲಿನ ಮಾತು.

---

ಪಾಕ್_ಜಲಸಂಧಿ

ಗಡಿನಾಡು ಅವರ ಕೊನೆಯ ಮಾತು ಸರಿಯಾಗಿದೆ. ಅದಕ್ಕೆ ಇತಿಹಾಸದ ಒಂದು ತುಂಡು ಸೇರಿಸುತ್ತೇನೆ: ಹೋಗುವಾಗ ಅದು ಯುದ್ಧವೇ ಆಗಿರಲಿಲ್ಲ.

ರಾಜೀವ್ ಗಾಂಧಿ ಮತ್ತು ಶ್ರೀಲಂಕಾ ಅಧ್ಯಕ್ಷ ಜಯವರ್ಧನೆ ಕೊಲಂಬೊದಲ್ಲಿ ಒಪ್ಪಂದಕ್ಕೆ ಸಹಿ ಹಾಕಿದ್ದು 1987ರ ಜುಲೈ 29. ಮರುದಿನವೇ 54ನೇ ಪದಾತಿ ಡಿವಿಷನ್ ಬಂದಿಳಿಯತೊಡಗಿತು. ಅದೇ ದಿನ ಗೌರವ ರಕ್ಷೆಯಲ್ಲಿ ನಿಂತಿದ್ದ ಸಿಂಹಳೀಯ ನಾವಿಕನೊಬ್ಬ ಬಂದೂಕಿನ ಹಿಡಿಯಿಂದ ರಾಜೀವರಿಗೆ ಬೀಸಿ ಹೊಡೆದ. ಪಡೆಗೆ ವಹಿಸಿದ್ದ ಕೆಲಸ ಕದನವಿರಾಮ ಕಾಯುವುದು, ಉಗ್ರರು ಒಪ್ಪಿಸುವ ಶಸ್ತ್ರ ಪಡೆಯುವುದು. ಜಾಫ್ನಾದ ಜನ ಮೊದಲ ದಿನಗಳಲ್ಲಿ ಹೂವಿನ ಹಾರ ಹಾಕಿಯೇ ಬರಮಾಡಿಕೊಂಡಿದ್ದರು.

ಸೆಪ್ಟೆಂಬರ್ 26ರಂದು ಪ್ರತ್ಯೇಕ ತಮಿಳು ದೇಶಕ್ಕಾಗಿ ಹೋರಾಡುತ್ತಿದ್ದ ಉಗ್ರ ಸಂಘಟನೆ ಎಲ್‌ಟಿಟಿಇಯ ತಿಲೀಪನ್ ಉಪವಾಸದಲ್ಲಿ ಸತ್ತ. ಅಕ್ಟೋಬರ್ 5ರಂದು ಶ್ರೀಲಂಕಾ ಸೇನೆಯ ವಶದಲ್ಲಿದ್ದ ಎಲ್‌ಟಿಟಿಇಯ ಕುಮರಪ್ಪ, ಪುಲೇಂದ್ರನ್ ಮುಂತಾದವರು ಸೈನೈಡ್ ನುಂಗಿದರು. ಒಂದು ವಾರದೊಳಗೆ, ಎಲ್‌ಟಿಟಿಇಯಿಂದ ಜಾಫ್ನಾ ಕಿತ್ತುಕೊಳ್ಳುವ ಐಪಿಕೆಎಫ್ ಕಾರ್ಯಾಚರಣೆ, ಆಪರೇಷನ್ ಪವನ್ ಶುರುವಾಯಿತು. ಹಾರ ಹಾಕಿಸಿಕೊಂಡವರು ಎಪ್ಪತ್ತು ದಿನ ಕಳೆಯುವ ಹೊತ್ತಿಗೆ ಅದೇ ಬೀದಿಗಳಲ್ಲಿ ಮನೆಮನೆ ಕಾದಾಟಕ್ಕೆ ಇಳಿದಿದ್ದರು.

ಅಕ್ಟೋಬರ್ 11-12ರ ರಾತ್ರಿ ಜಾಫ್ನಾ ವಿಶ್ವವಿದ್ಯಾಲಯದ ಮೈದಾನದಲ್ಲಿ 13ನೇ ಸಿಖ್ ಲಘು ಪದಾತಿ ದಳದ 30 ಮಂದಿ ಹೆಲಿಕಾಪ್ಟರ್‌ನಿಂದ ಇಳಿದರು. ಕಾರ್ಯಾಚರಣೆಯ ಸುಳಿವು ಎದುರಾಳಿಗೆ ಮೊದಲೇ ಸಿಕ್ಕಿತ್ತು. ಗುಂಡಿನ ಸುರಿಮಳೆಯಲ್ಲಿ ಹೆಲಿಕಾಪ್ಟರ್‌ಗಳಿಗೆ ಮತ್ತೆ ಬಂದು ಉಳಿದವರನ್ನು ಇಳಿಸಲಾಗಲಿಲ್ಲ. 29 ಮಂದಿ ಸತ್ತರು, ಒಬ್ಬ ಸೆರೆಸಿಕ್ಕ. ಯೋಜನೆ ಹಾಕಿದವರ ತಪ್ಪಿಗೆ ತಲೆ ಕೊಟ್ಟವರು ಇವರು.

ಇನ್ನೂ ವಿಚಿತ್ರ ಮುಂದಿದೆ. ಜಯವರ್ಧನೆ ನಂತರ ಬಂದ ಅಧ್ಯಕ್ಷ ಪ್ರೇಮದಾಸ, 1989ರ ಜುಲೈ ಮುಗಿಯುವುದರೊಳಗೆ ಜಾಗ ಖಾಲಿ ಮಾಡಿ ಎಂದರು. ಅವರದೇ ಸರ್ಕಾರ ಐಪಿಕೆಎಫ್ ವಿರುದ್ಧ ಹೋರಾಡಲು ಎಲ್‌ಟಿಟಿಇಗೆ ಶಸ್ತ್ರ ಕೊಟ್ಟಿತು. ಅಂದರೆ ಕರೆಸಿಕೊಂಡ ದೇಶಕ್ಕೆ ಬೇಡ, ಕಾಪಾಡಲು ಹೋದ ತಮಿಳರಿಗೆ ಬೇಡ, ಊರಲ್ಲಿ ಮದ್ರಾಸಿಗೆ ಬೇಡ. ದೆಹಲಿಯಲ್ಲೂ ಅಷ್ಟರಲ್ಲಿ ಸರ್ಕಾರ ಬದಲಾಗಿತ್ತು.

---

ಕಟ್ಟುನಿಟ್ಟು

ಪಾಕ್ ಅವರೇ, ಇದನ್ನೆಲ್ಲ ಒಪ್ಪುತ್ತೇನೆ. ಆದರೆ 1989ರ ಆಗಸ್ಟ್ 2ರಂದು ಜಾಫ್ನಾ ಕಡೆಯ ವಲ್ವೆಟ್ಟಿತುರೈ ಊರಿನಲ್ಲಿ ನಡೆದದ್ದನ್ನು ಬಿಟ್ಟಿರಲ್ಲ? ಗಸ್ತಿನ ಮೇಲೆ ದಾಳಿಯಾಗಿ ಸೈನಿಕರು ಸತ್ತ ಸಿಟ್ಟಿಗೆ ಐವತ್ತಕ್ಕೂ ಹೆಚ್ಚು ನಾಗರಿಕರನ್ನು ಕೊಂದರು. ಜಾಫ್ನಾದ ಅಂಗರಚನಾಶಾಸ್ತ್ರ ಪ್ರಾಧ್ಯಾಪಕಿ ರಜನಿ ತಿರಣಗಮ ಸಂಗಾತಿಗಳೊಡನೆ ಸೇರಿ ಎರಡೂ ಕಡೆಯವರ ಕೃತ್ಯ ದಾಖಲಿಸುತ್ತಿದ್ದರು, ಎರಡು ಹೆಣ್ಣುಮಕ್ಕಳ ತಾಯಿ. 1989ರ ಸೆಪ್ಟೆಂಬರ್ 21ರಂದು ಸೈಕಲ್ಲಿನಲ್ಲಿ ಮನೆಗೆ ಹೋಗುತ್ತಿದ್ದಾಗ ಗುಂಡಿಟ್ಟು ಕೊಂದರು. ಆ ಕೊಲೆಯ ಹೊಣೆ ಎಲ್‌ಟಿಟಿಇ ಮೇಲೆ ಬಿದ್ದಿತು, ಸೇನೆಯ ಮೇಲಲ್ಲ. ಆದರೆ ಆಕೆ ಬರೆದಿಟ್ಟದ್ದರಲ್ಲಿ ಸೇನೆಯ ಪಾಲೂ ಇದೆ. ಸಾರಾಸಗಟು ಗೌರವ ಕೊಟ್ಟರೆ ಆ ಪುಟಗಳನ್ನು ಹರಿದು ಹಾಕಿದಂತೆ.

---

ಕಾನೂನುಕಟ್ಟೆ

ಹರಿಯಬೇಕಾಗಿಲ್ಲ. ಸೇನಾ ಕಾಯ್ದೆಯ 70ನೇ ಕಲಂ ಪ್ರಕಾರ ನಾಗರಿಕರ ಕೊಲೆ, ಅತ್ಯಾಚಾರದ ಆರೋಪವನ್ನು ಸಾಮಾನ್ಯವಾಗಿ ಸೇನಾ ನ್ಯಾಯಾಲಯ ವಿಚಾರಿಸುವಂತಿಲ್ಲ. ಮೂರು ಸಂದರ್ಭದಲ್ಲಿ ವಿಚಾರಿಸಬಹುದು: ಆರೋಪಿ ಸಕ್ರಿಯ ಸೇವೆಯಲ್ಲಿದ್ದಾಗ, ಭಾರತದ ಹೊರಗಿದ್ದಾಗ, ಗಡಿ ಠಾಣೆಯಲ್ಲಿದ್ದಾಗ. ಲಂಕೆಗೆ ಮೊದಲ ಎರಡೂ ಅನ್ವಯ. ಅಧಿಕಾರ ಕೈಯಲ್ಲಿತ್ತು. ಬಳಸದಿದ್ದರೆ ಆ ಲೆಕ್ಕವನ್ನು ಬಳಸಬೇಕಿದ್ದ ಹುದ್ದೆಗಳಿಂದ ಕೇಳಬೇಕು, ಎಲ್ಲೋ ಟ್ರಿಂಕೋಮಲಿಯಲ್ಲಿ ಅಡುಗೆಮನೆ ಡ್ಯೂಟಿಯಲ್ಲಿದ್ದ ಸಿಪಾಯಿಯಿಂದಲ್ಲ. ಅಪರಾಧ ವೈಯಕ್ತಿಕ, ನೀತಿ ಸರ್ಕಾರದ್ದು, ಸೇವೆ ಸೈನಿಕನದು. ಮೂರಕ್ಕೂ ಬೇರೆ ಬೇರೆ ಖಾತೆ.

---

ಹಳೇಕಡತ

ಗೌರವ ಅನ್ನುವ ಪದದ ಮೇಲೆ ಇಷ್ಟು ಹೊತ್ತು ಕುಸ್ತಿ ನಡೆದಿದೆ. ಸರ್ಕಾರದ ಕಡತದಲ್ಲಿ ಆ ಪದಕ್ಕೆ ಜಾಗವೇ ಇಲ್ಲ. "ಹುತಾತ್ಮ" ಎಂಬ ಪದವೂ ಅಧಿಕೃತವಲ್ಲ, ಸರ್ಕಾರವೇ ಇದನ್ನು ಹಲವು ಬಾರಿ ಹೇಳಿದೆ. ಕಡತದಲ್ಲಿರುವುದು "ಬ್ಯಾಟಲ್ ಕ್ಯಾಶುಯಲ್ಟಿ" (ಕಾರ್ಯಾಚರಣೆಯಲ್ಲಾದ ಸಾವು, ಗಾಯ) ಮತ್ತು "ಫಿಸಿಕಲ್ ಕ್ಯಾಶುಯಲ್ಟಿ" (ಉಳಿದವು). ಯುದ್ಧ ಜನಪ್ರಿಯವೋ ಅಲ್ಲವೋ ಎಂದು ಆ ಫಾರಂ ಕೇಳುವುದಿಲ್ಲ. ಸಾವು ಹೇಗಾಯಿತು ಅಂತ ಮಾತ್ರ ಕೇಳುತ್ತದೆ. ಮನೆಯವರ ಮಟ್ಟಿಗೆ ಗೌರವ, ಅಗೌರವ ತೀರ್ಮಾನವಾಗುವುದು ಅಲ್ಲೇ.

ರಕ್ಷಣಾ ಸಚಿವಾಲಯದ 2001ರ ಜನವರಿ 31ರ ಪತ್ರ ಸಾವನ್ನು ಎ ಯಿಂದ ಇ ವರೆಗೆ ಐದು ವರ್ಗ ಮಾಡುತ್ತದೆ. ಎ ಅಂದರೆ ಸೇವೆಗೆ ಸಂಬಂಧವಿಲ್ಲದ ಸಾವು. ಬಿ, ಸೇವೆಯಿಂದ ಬಂದ ಅಥವಾ ಉಲ್ಬಣಿಸಿದ ಕಾಯಿಲೆ. ಸಿ, ಕರ್ತವ್ಯದ ಮೇಲಿದ್ದಾಗ ಅಪಘಾತ. ಡಿ, ಭಯೋತ್ಪಾದಕರು, ಸಮಾಜಘಾತುಕರ ಹಿಂಸೆ ಇತ್ಯಾದಿ. ಇ, ಶತ್ರುವಿನ ಕಾರ್ಯಾಚರಣೆ, ಗಡಿ ಚಕಮಕಿ, ವಿದೇಶದಲ್ಲಿ ಶಾಂತಿಪಾಲನೆ, ಸರ್ಕಾರ ವಿಶೇಷವಾಗಿ ಅಧಿಸೂಚಿಸಿದ ಕಾರ್ಯಾಚರಣೆ.

ಹಣದಲ್ಲಿ ನೋಡಿ. ಕೊನೆಯ ವೇತನ 40,000 ಎಂದುಕೊಳ್ಳೋಣ. ಎ ಆದರೆ ಸಾಮಾನ್ಯ ಕುಟುಂಬ ಪಿಂಚಣಿ 30%, ಅಂದರೆ 12,000 (ಸೇವೆಯಲ್ಲಿದ್ದಾಗ ಸತ್ತರೆ ಮೊದಲ ಹತ್ತು ವರ್ಷ 50%). ಬಿ, ಸಿ ಆದರೆ ವಿಶೇಷ ಕುಟುಂಬ ಪಿಂಚಣಿ 60%, 24,000. ಡಿ, ಇ ಆದರೆ ಉದಾರೀಕೃತ ಕುಟುಂಬ ಪಿಂಚಣಿ, ಪೂರ್ತಿ 40,000. ಇವೆಲ್ಲದರ ಮೇಲೆ ತುಟ್ಟಿಭತ್ಯೆ ಬೇರೆ. ಒಂದೇ ಒಂದು ಅಕ್ಷರದ ಮೇಲೆ ತಿಂಗಳಿಗೆ ಹದಿನಾರು ಸಾವಿರ ಆಚೀಚೆ, ಅದೂ ವಿಧವೆ ಬದುಕಿರುವವರೆಗೆ.

ಎಡವುವುದು ಎಲ್ಲಿ? ಹೆಚ್ಚಾಗಿ ಯುನಿಟ್ ಕಳಿಸುವ ಮೊದಲ ವರದಿಯಲ್ಲಿ. ಗಾಯಗೊಂಡವನು ನಾಲ್ಕು ತಿಂಗಳು ಆಸ್ಪತ್ರೆಯಲ್ಲಿದ್ದು ಸತ್ತರೆ ಮರಣ ಪತ್ರದಲ್ಲಿ "ಮೂತ್ರಪಿಂಡ ವೈಫಲ್ಯ" ಎಂದು ಬರುತ್ತದೆ, ನೆಲಬಾಂಬಿನ ಮಾತೇ ಇರುವುದಿಲ್ಲ. ಇ ಹೋಗಿ ಬಿ ಆಗುತ್ತದೆ. ಕಾರ್ಯಾಚರಣೆಗೆ ಹೊರಟ ಲಾರಿ ಮಗುಚಿದರೆ ಅದು ಬರೀ ರಸ್ತೆ ಅಪಘಾತವೋ, ಕಾರ್ಯಾಚರಣೆಯ ಭಾಗವೋ? ವಿಚಾರಣಾ ಮಂಡಳಿ ಒಂದು ವಾಕ್ಯ ಬರೆಯಲು ಮರೆತರೆ ಸಿ ಆಗುತ್ತದೆ. ಹಾಗಾಗಿ ಕುಟುಂಬ ಮೊದಲು ಕೇಳಿ ಪಡೆಯಬೇಕಾದ ಕಾಗದಗಳು ಮೂರು: ಕ್ಯಾಶುಯಲ್ಟಿ ವರದಿಯ ಪ್ರತಿ, ವಿಚಾರಣಾ ಮಂಡಳಿಯ ತೀರ್ಮಾನ, ಆಸ್ಪತ್ರೆಯ ಪೂರ್ತಿ ಕೇಸ್ ಶೀಟ್. ಅಂತಿಮ ಮರಣ ಪ್ರಮಾಣಪತ್ರ ಒಂದರಿಂದ ಏನೂ ಆಗುವುದಿಲ್ಲ.

---

ಮಲ್ಲಿಗೆಬಳ್ಳಿ

ಹಳೇಕಡತ ಸರ್, "ಕುಟುಂಬ" ಅಂದರೆ ಹೆಂಡತಿ ಮಕ್ಕಳು ಅಂತಲೇ ಎಲ್ಲರೂ ಬರೆಯುತ್ತಿದ್ದೀರಿ. ಮದುವೆ ಆಗದೆ ಸತ್ತವರ ಅಪ್ಪ ಅಮ್ಮ? ಮತ್ತೆ ವಿಧವೆ ಮರುಮದುವೆ ಆದರೆ?

---

ಹಳೇಕಡತ

ಒಳ್ಳೇ ಪ್ರಶ್ನೆ ಮೇಡಂ. ಅವಿವಾಹಿತನಾದರೆ ತಂದೆತಾಯಿಗೆ ಹೋಗುತ್ತದೆ: ಇಬ್ಬರೂ ಇದ್ದರೆ ಉದಾರೀಕೃತ ದರದ 75%, ಒಬ್ಬರೇ ಇದ್ದರೆ 60%. ವಿಧವೆ ಮರುಮದುವೆಯಾದರೂ ಮಕ್ಕಳನ್ನು ಆಕೆಯೇ ಸಾಕುತ್ತಿದ್ದರೆ ವಿಶೇಷ, ಉದಾರೀಕೃತ ಪಿಂಚಣಿ ಮುಂದುವರಿಯುತ್ತದೆ. ಮರುಮದುವೆಯಾದ ಕೂಡಲೇ ನಿಂತೇಹೋಗುತ್ತದೆ ಅನ್ನುವುದು ಊರಿನ ಗಾಳಿಮಾತು. ಅದನ್ನು ನಂಬಿ ಮದುವೆ ಮುಚ್ಚಿಟ್ಟು, ಆಮೇಲೆ ವಸೂಲಾತಿ ನೋಟಿಸ್ ಬರಿಸಿಕೊಳ್ಳುವುದು ದೊಡ್ಡ ತಪ್ಪು.

ಇನ್ನೊಂದು ಗೊಂದಲ. ಪಿಂಚಣಿ ಹೋಗುವುದು ಅರ್ಹತೆಯ ಮೇಲೆ. ಸೇನಾ ಗುಂಪು ವಿಮೆ ಮತ್ತು ಭವಿಷ್ಯನಿಧಿ ಹೋಗುವುದು ನಾಮನಿರ್ದೇಶನದ ಮೇಲೆ. ಸೇರುವಾಗ ಹುಡುಗ ಅಮ್ಮನ ಹೆಸರು ಕೊಟ್ಟಿರುತ್ತಾನೆ, ಮದುವೆಯಾದ ಮೇಲೆ ಬದಲಿಸಿರುವುದಿಲ್ಲ. ಆಗ ಪಿಂಚಣಿ ಸೊಸೆಗೆ, ವಿಮೆ ಅತ್ತೆಗೆ. ಜಗಳಕ್ಕೆ ಇನ್ನೇನು ಬೇಕು? ಪಾಲು ಹಂಚಿ ಬರೆಯಲು ಅವಕಾಶ ಇದೆ, ರಜೆಯಿಂದ ಹೋದ ಕೂಡಲೇ ಮಾಡಿಸಬೇಕು.

---

ಗಡಿನಾಡು_ಬೆಳಗಾವಿ

ಹೆಣದ ಮಾತು ಯಾರೂ ಎತ್ತಲಿಲ್ಲ. ಲಂಕಾದಾಗ ಸತ್ತವರನ್ನ ಹೆಚ್ಚಾಗಿ ಅಲ್ಲೇ ಸುಟ್ಟರು. ಮನಿಗೆ ಬಂದದ್ದು ತಂತಿ, ಆಮ್ಯಾಲೆ ಬೂದಿ, ಒಂದು ಟ್ರಂಕು. ಕಾರ್ಗಿಲ್‌ನಾಗ, 1999ರಾಗ, ತ್ರಿವರ್ಣ ಹೊದಿಸಿದ ಪೆಟ್ಟಿಗಿ ಊರೂರಿಗೆ ಬಂತು, ಟೀವಿಯಾಗ ಬಂತು, ಊರಿಗೂರೇ ಸೇರಿ ಮಣ್ಣು ಮಾಡಿತು. ಕಾರ್ಗಿಲ್‌ನಾಗ ಸತ್ತವರು 527. ಲಂಕಾದಾಗ ಅದರ ಎರಡು ಪಟ್ಟಿಗಿಂತ ಜಾಸ್ತಿ. ಈಗ ಯಾವುದಾದರೂ ಊರಾಗ ಕೇಳ್ರಿ, ಯಾವ ಯುದ್ಧದ ಹೆಸರು ಹೇಳ್ತಾರಂತ. ಯುದ್ಧ ಜನಕ್ಕ ಬೇಕಾಗಿತ್ತೋ ಇಲ್ಲೋ ಅನ್ನೋದು ಒಂದು, ಹೆಣ ಊರಿಗೆ ಬಂತೋ ಇಲ್ಲೋ ಅನ್ನೋದು ಇನ್ನೊಂದು. ಎರಡನೇದ್ದು ಭಾಳ ಕೆಲಸ ಮಾಡೈತಿ ಅಂತ ನನ್ನ ಲೆಕ್ಕ.

---

ಪಾಕ್_ಜಲಸಂಧಿ

ಸ್ಮಾರಕದ ಕಲ್ಲಿನ ವಿಷಯವೂ ಹಾಗೇ. ಐಪಿಕೆಎಫ್‌ನ ಏಕೈಕ ಪರಮವೀರ ಚಕ್ರ ಮಹಾರ್ ರೆಜಿಮೆಂಟಿನ 8ನೇ ಬೆಟಾಲಿಯನ್ನಿನ ಮೇಜರ್ ರಾಮಸ್ವಾಮಿ ಪರಮೇಶ್ವರನ್ ಅವರದು, 1987ರ ನವೆಂಬರ್ 25ರಂದು ತೀರಿಕೊಂಡರು. ಆ ಹೆಸರು ಬಿಟ್ಟರೆ ಉಳಿದವರ ಹೆಸರುಗಳನ್ನೆಲ್ಲ ಒಟ್ಟಿಗೆ ಕಲ್ಲಿನಲ್ಲಿ ಕೆತ್ತಿಸಿದ ಮೊದಲ ದೊಡ್ಡ ಸ್ಮಾರಕ ಎದ್ದದ್ದು ಕೊಲಂಬೊ ಪಕ್ಕದ ಶ್ರೀ ಜಯವರ್ಧನಪುರ ಕೋಟೆಯಲ್ಲಿ. ಕಟ್ಟಿಸಿದ್ದು ಶ್ರೀಲಂಕಾ ಸರ್ಕಾರ! ಪ್ರಧಾನಿ ಮೋದಿ 2015ರ ಮಾರ್ಚ್‌ನಲ್ಲಿ ಅಲ್ಲಿ ಹೂಗುಚ್ಛ ಇಟ್ಟರು. ದೆಹಲಿಯ ರಾಷ್ಟ್ರೀಯ ಸಮರ ಸ್ಮಾರಕದ ತ್ಯಾಗ ಚಕ್ರದಲ್ಲಿ ಈ ಹೆಸರುಗಳಿಗೆ ಜಾಗ ಸಿಕ್ಕಿದ್ದು ಅದು 2019ರ ಫೆಬ್ರವರಿ 25ರಂದು ತೆರೆದಾಗ.

---

ಸಿಯಾಟಲ್_ಕನ್ನಡಿಗ

ಇವರನ್ನು ವಿಯೆಟ್ನಾಂ ಯುದ್ಧಕ್ಕೆ ಹೋದ ಅಮೆರಿಕದ ಸೈನಿಕರ ಜೊತೆ ಹೋಲಿಸುವವರಿಗೆ ಒಂದು ಎಚ್ಚರಿಕೆ. ಅಲ್ಲಿ ಕಡ್ಡಾಯ ಭರ್ತಿ ಇತ್ತು, ಮತ್ತು ಸಂಸಾರ ಅನ್ನುವುದು ಭಾವನೆಯ ಮಾತಾಗಿರಲಿಲ್ಲ, ವಿನಾಯಿತಿಯ ವರ್ಗವೇ ಆಗಿತ್ತು. ಮಕ್ಕಳಿಲ್ಲದ ವಿವಾಹಿತರ ವಿನಾಯಿತಿ 1965ರ ಆಗಸ್ಟ್‌ನಲ್ಲಿ ಹೋಯಿತು. ಮಗು ಇದೆ ಎಂಬ ಕಾರಣಕ್ಕೆ ಹೊಸದಾಗಿ ವಿನಾಯಿತಿ ಕೊಡುವುದು 1970ರ ಏಪ್ರಿಲ್‌ನಲ್ಲಿ ನಿಂತಿತು. ಹಾಗಾಗಿ ಅಲ್ಲಿ "ಸಂಸಾರಸ್ಥ ಯಾಕೆ ಹೋದ" ಅನ್ನುವ ಪ್ರಶ್ನೆಗೆ ಉತ್ತರ ವರ್ಷದ ಮೇಲೆ ನಿಂತಿದೆ.

ವಾಷಿಂಗ್ಟನ್ನಿನಲ್ಲಿ ಆ ಯುದ್ಧದಲ್ಲಿ ಸತ್ತವರ ಸ್ಮಾರಕದ ಗೋಡೆ 1982ರದು. 58,000ಕ್ಕೂ ಹೆಚ್ಚು ಹೆಸರು. ಕಟ್ಟಿದ್ದು ಜನರ ದೇಣಿಗೆಯಲ್ಲಿ. ಹೆಸರುಗಳು ಹುದ್ದೆಯ ಕ್ರಮದಲ್ಲಿಲ್ಲ, ಬಿದ್ದ ದಿನಾಂಕದ ಕ್ರಮದಲ್ಲಿವೆ. ಯುದ್ಧ ಸರಿ ಅಂತ ಆ ಗೋಡೆಯಲ್ಲಿ ಎಲ್ಲೂ ಬರೆದಿಲ್ಲ, ತಪ್ಪು ಅಂತಲೂ ಇಲ್ಲ.

---

ಕಟ್ಟುನಿಟ್ಟು

ಇಂಥ ಗೋಡೆಯಾದರೆ ನನ್ನ ಆಕ್ಷೇಪ ಇಲ್ಲ. ಸತ್ತವರ ಹೆಸರು ಬರೆಯುವುದು ಬೇರೆ, ಕಾರ್ಯಾಚರಣೆಗೆ ವಿಜಯೋತ್ಸವ ಮಾಡುವುದು ಬೇರೆ. ಪಿಂಚಣಿಯನ್ನೂ ನಾನು ಗೌರವ ಅನ್ನುವುದಿಲ್ಲ, ಬಾಕಿ ಅನ್ನುತ್ತೇನೆ. ಬಾಕಿ ಕೊಡುವವನು ಉಪಕಾರ ಮಾಡಿದಂತೆ ಮುಖ ಮಾಡಬಾರದು.

ಗಾಯಾಳುಗಳ ಕಥೆ ಏನು? ಸತ್ತವರಿಗಿಂತ ಅವರೇ ಹೆಚ್ಚಲ್ಲವೇ?

---

ಹಳೇಕಡತ

ಬಾಕಿ ಅನ್ನುವ ಪದ ನನಗೂ ಹಿಡಿಸಿತು.

ಗಾಯಾಳುಗಳದು ಹೆಚ್ಚು ಸಿಕ್ಕು. ಯುದ್ಧಗಾಯ ಎಂದು ಒಪ್ಪಿದರೆ ಮತ್ತು ಅದೇ ಕಾರಣಕ್ಕೆ ಸೇವೆಯಿಂದ ಬಿಡಿಸಿದರೆ, 100% ಅಂಗವೈಕಲ್ಯಕ್ಕೆ ಪಿಂಚಣಿಗೆ ಸೇರುವ "ಯುದ್ಧಗಾಯ ಅಂಶ" ಕೊನೆಯ ವೇತನದಷ್ಟೇ ಸಿಗುತ್ತದೆ. ಸಾಮಾನ್ಯ ಅಂಗವೈಕಲ್ಯಕ್ಕೆ ಅದು 30%. ಕಡಿಮೆ ಶೇಕಡಾ ಇದ್ದವರಿಗೆ ಮೇಲಕ್ಕೆ ಹೊಂದಿಸುವ ನಿಯಮ ಇದೆ: 50ಕ್ಕಿಂತ ಕಡಿಮೆ ಇದ್ದರೆ 50, 50ರಿಂದ 75 ಇದ್ದರೆ 75, ಅದಕ್ಕೂ ಮೇಲೆ 100. ಅವಧಿ ಮುಗಿಸಿ ನಿವೃತ್ತರಾದವರಿಗೂ ಇದು ಸಲ್ಲುತ್ತದೆ ಎಂದು ಸುಪ್ರೀಂ ಕೋರ್ಟ್ 2014ರ ಡಿಸೆಂಬರ್‌ನಲ್ಲಿ ರಾಮ್ ಅವತಾರ್ ಪ್ರಕರಣದಲ್ಲಿ ಹೇಳಿತು.

ಕಾಲು ಹೋದದ್ದು ಕಣ್ಣಿಗೆ ಕಾಣುತ್ತದೆ. ನಿದ್ದೆ ಹೋದದ್ದು ಕಾಣುವುದಿಲ್ಲ. ಮಾನಸಿಕ ಕಾಯಿಲೆ, ರಕ್ತದೊತ್ತಡ ಇಂಥವಕ್ಕೆ ವೈದ್ಯಕೀಯ ಮಂಡಳಿ "ಸೇವೆಯಿಂದ ಬಂದದ್ದೂ ಅಲ್ಲ, ಉಲ್ಬಣಿಸಿದ್ದೂ ಅಲ್ಲ" ಎಂದು ಒಂದು ಸಾಲು ಬರೆದು ಮುಗಿಸುವುದು ಹಳೇ ಚಾಳಿ. 1982ರ ಅರ್ಹತಾ ನಿಯಮಗಳ ಪ್ರಕಾರ, ಭರ್ತಿಯಾಗುವಾಗ ಕಾಯಿಲೆ ದಾಖಲಾಗಿರದಿದ್ದರೆ ಆಮೇಲೆ ಬಂದದ್ದು ಸೇವೆಯಿಂದಲೇ ಎಂಬ ಊಹೆ ಸೈನಿಕನ ಪರ. ಕಾರಣ ಬರೆಯದೆ ಅದನ್ನು ತಳ್ಳಿಹಾಕುವಂತಿಲ್ಲ ಎಂದು 2013ರ ಧರಮ್‌ವೀರ್ ಸಿಂಗ್ ತೀರ್ಪು ಹೇಳುತ್ತದೆ. 2023ರ ಸೆಪ್ಟೆಂಬರ್‌ನಲ್ಲಿ ಹೊಸ ನಿಯಮ ಬಂದಿದೆ, ಐಪಿಕೆಎಫ್ ಕಾಲದವರಿಗೆ ಹಳೆಯದೇ.

---

ಕಾನೂನುಕಟ್ಟೆ

ಮಂಡಳಿ ಹಾಗೆ ತಳ್ಳಿಹಾಕಿದರೆ ಮೊದಲು ಮೇಲ್ಮನವಿ, ಆಮೇಲೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ. ಪಿಂಚಣಿ ತಿಂಗಳುತಿಂಗಳೂ ಮುಂದುವರಿಯುವ ಹಕ್ಕಾದ್ದರಿಂದ ಮೂವತ್ತು ವರ್ಷ ತಡವಾದರೂ ಅರ್ಜಿ ಹಾಕಬಹುದು. ಆದರೆ 2008ರ ತರ್ಸೇಮ್ ಸಿಂಗ್ ತೀರ್ಪಿನಂತೆ ಹಿಂಬಾಕಿ ಸಾಮಾನ್ಯವಾಗಿ ಅರ್ಜಿಯ ಹಿಂದಿನ ಮೂರು ವರ್ಷಕ್ಕೆ ಮಾತ್ರ. ನಾಳೆ ಹಾಕೋಣ ಅನ್ನುವ ಪ್ರತಿ ತಿಂಗಳೂ ಒಂದು ತಿಂಗಳ ಹಣ ಕೈಬಿಡುತ್ತದೆ.

---

ಹೊಳೆದಂಡೆ

ನನ್ನ ಎರಡನೇ ಪ್ರಶ್ನೆಯೇ ಸ್ವಲ್ಪ ವಕ್ರವಾಗಿತ್ತು ಅಂತ ಈಗ ಅನ್ನಿಸುತ್ತಿದೆ. ಸಂಸಾರ ಇದೆ ಅನ್ನುವುದು ಸೈನಿಕನ ಗೌರವವನ್ನು ಹೆಚ್ಚಿಸುವ ಪದಕವಲ್ಲ. ಸಂಸಾರಕ್ಕೇ ಬೇರೆಯಾಗಿ ಸಲ್ಲಬೇಕಾದ್ದು ಇದೆ, ಯುದ್ಧ ಎಂಥದ್ದಾದರೂ. ಕಟ್ಟುನಿಟ್ಟು ಅವರ "ಬಾಕಿ" ಅದೇ ಇರಬೇಕು.

ಒಂದು ಕೆಲಸದ ಮಾತು: ಆ ಕಾಲದ ವಿಧವೆಯರಿಗೆ ಈಗ ಎಪ್ಪತ್ತರ ಹತ್ತಿರ. ಹೆಸರಿನ ಕಾಗುಣಿತ ಒಂದೊಂದು ಕಾಗದದಲ್ಲಿ ಒಂದೊಂದು ಥರ ಇರುತ್ತದಲ್ಲ, ಅದಕ್ಕೆ ದಾರಿ ಏನು?

---

ಹಳೇಕಡತ

ಆಧಾರ್‌ನಲ್ಲಿ "ಲಕ್ಷ್ಮವ್ವ", ಪಿಂಚಣಿ ಆದೇಶದಲ್ಲಿ "ಲಕ್ಷ್ಮೀಬಾಯಿ": ಇದು ನಿತ್ಯದ ಕಥೆ. ಮದುವೆಯಾದಾಗ ಯುನಿಟ್ ಗುಮಾಸ್ತ ಪಾರ್ಟ್ ಟು ಆದೇಶದಲ್ಲಿ (ಸೈನಿಕನ ಮದುವೆ, ಮಕ್ಕಳು ಇಂಥ ವಿವರ ದಾಖಲಿಸುವ ಕಾಗದ) ತನಗೆ ಕೇಳಿಸಿದಂತೆ ಬರೆದಿರುತ್ತಾನೆ. ಅಫಿಡವಿಟ್, ಎರಡು ಪತ್ರಿಕೆಗಳಲ್ಲಿ ಪ್ರಕಟಣೆ (ಒಂದು ಇಂಗ್ಲಿಷ್, ಒಂದು ಕನ್ನಡ), ಆಧಾರ್, ಪ್ಯಾನ್, ಪಿಂಚಣಿ ಆದೇಶದ ಪ್ರತಿ ಇಟ್ಟುಕೊಂಡು ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯ ಮೂಲಕ ಸೈನಿಕನ ರೆಜಿಮೆಂಟಿನ ದಾಖಲೆ ಕಚೇರಿಗೆ ಕಳಿಸಬೇಕು. ಮರಾಠಾ ಲಘು ಪದಾತಿ ದಳದ್ದು ಬೆಳಗಾವಿಯಲ್ಲಿದೆ, ಮದ್ರಾಸ್ ಸ್ಯಾಪರ್ಸ್, ಎಎಸ್‌ಸಿ (ಸೇನೆಯ ಸರಬರಾಜು ದಳ), ಪ್ಯಾರಾಚೂಟ್ ರೆಜಿಮೆಂಟ್‌ನವು ಬೆಂಗಳೂರಿನಲ್ಲಿ, ಮದ್ರಾಸ್ ರೆಜಿಮೆಂಟ್‌ನದು ವೆಲ್ಲಿಂಗ್ಟನ್ನಿನಲ್ಲಿ. ಪತ್ರದ ಮೇಲ್ಗಡೆ ಸೈನಿಕನ ಸೇವಾ ಸಂಖ್ಯೆ ಬರೆಯದಿದ್ದರೆ ಉತ್ತರವೇ ಬರುವುದಿಲ್ಲ. ಅಲ್ಲಿ ತಿದ್ದುಪಡಿಯಾದ ಮೇಲೆ ಪ್ರಯಾಗ್‌ರಾಜ್‌ನ ಪಿಂಚಣಿ ಲೆಕ್ಕ ಕಚೇರಿ ತಿದ್ದಿದ ಆದೇಶ ಹೊರಡಿಸುತ್ತದೆ. ಮೊದಲು ಬ್ಯಾಂಕಿಗೆ ಹೋಗಬೇಡಿ, ಬ್ಯಾಂಕಿನವರ ಕೈಯಲ್ಲಿ ಏನೂ ಇಲ್ಲ.

ಜೀವನ ಪ್ರಮಾಣಪತ್ರ ವರ್ಷಕ್ಕೊಮ್ಮೆ. ಬೆರಳಚ್ಚು ಸವೆದಿದ್ದರೆ ಮೊಬೈಲಿನಲ್ಲಿ ಮುಖ ತೋರಿಸಿ ಮಾಡಬಹುದು. ಆದರೆ ಪಿಂಚಣಿ ಸ್ಪರ್ಶ್‌ಗೆ (ರಕ್ಷಣಾ ಪಿಂಚಣಿಯ ಆನ್‌ಲೈನ್ ವ್ಯವಸ್ಥೆ) ವರ್ಗವಾಗಿದ್ದರೆ, ಪಾವತಿಸುವ ಸಂಸ್ಥೆ ಎಂಬಲ್ಲಿ ಬ್ಯಾಂಕಿನ ಹೆಸರು ಒತ್ತಬಾರದು, ಸ್ಪರ್ಶ್ ಎಂದೇ ಆರಿಸಬೇಕು. ಇದೊಂದು ತಪ್ಪಿಗೆ ಪ್ರಮಾಣಪತ್ರ ಸಲ್ಲಿಕೆಯಾದಂತೆ ತೋರಿಸುತ್ತದೆ, ಪಿಂಚಣಿ ಮಾತ್ರ ಮುಂದಿನ ತಿಂಗಳು ನಿಂತಿರುತ್ತದೆ.

---

ಮಲ್ಲಿಗೆಬಳ್ಳಿ

ತ್ಯಾಗ ಚಕ್ರದ ಕಲ್ಲಿನಲ್ಲೇ ಹೆಸರು ತಪ್ಪಾಗಿದ್ದರೆ?

---

ಹಳೇಕಡತ

ಅದಕ್ಕೂ ದಾಖಲೆ ಕಚೇರಿಗೇ ಬರೆಯಿರಿ ಮೇಡಂ. ಕಲ್ಲಿಗೆ ಹೆಸರು ಹೋದದ್ದು ಸೇನೆಯ ದಾಖಲೆಯಿಂದ. ಮೂಲ ಸರಿಯಾಗದೆ ಕಲ್ಲು ತಿದ್ದಿ ಎಂದರೆ ಯಾರೂ ಕೇಳುವುದಿಲ್ಲ.